ಬದರಿಗೆ ಹೊರಟ ಸಾಮಾನು

ಹರಿದಾಸನ ಮನೆಯವರಿಗೆ ಹೊರಗಿನ ಊಟ ಆಗುವುದಿಲ್ಲ. ಅಂದರೆ, ಯಾತ್ರೆಗೆ ಹೋದಾಗ ಆಗುವುದಿಲ್ಲ. ಶನಿವಾರ ವೇಲಚೇರಿಯ ಮಾಲ್‌ನಲ್ಲಿ ಪಿಜ್ಜಾ ತಿನ್ನುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಬದರಿಯಂಥ ಪುಣ್ಯಕ್ಷೇತ್ರದಲ್ಲಿ ಮಾತ್ರ ಮಡಿಯಲ್ಲಿ ಬೇಯಿಸಿದ್ದೇ ಆಗಬೇಕು. ಬೇಯಿಸುವವರು ಬೇಡವೇ? ಅದಕ್ಕೇ ನಾಲ್ಕನೆಯ ಟಿಕೆಟ್ಟು ಅವನ ಅಕ್ಕ ವೆಂಕಟಲಕ್ಷ್ಮಿಯ ಹೆಸರಿಗೆ ಆಗಿತ್ತು.

ಇದು ಅವಳಿಗೆ ತಿಳಿಯದ ವಿಷಯವೇನಲ್ಲ. ಗಂಡ ತೀರಿಹೋದ ಮೇಲೆ ಇಪ್ಪತ್ತಾರು ವರ್ಷ ತಮ್ಮನ ಮನೆಯ ಒಲೆ ಮುಂದೆ ನಿಂತವಳು, ಯಾರು ಯಾತಕ್ಕೆ ಕರೆಯುತ್ತಾರೆಂದು ಗೊತ್ತಾಗದಷ್ಟು ಪೆದ್ದಿಯೇ? ಆದರೆ ಕರೆದದ್ದು ಬದರಿಗೆ! ವ್ಯಾಸದೇವರ ಸನ್ನಿಧಿಯನ್ನು ಒಮ್ಮೆ ಕಂಡು ಕಣ್ಣು ಮುಚ್ಚಬೇಕೆಂಬುದು ಅವಳ ಒಂದೇ ಒಂದು ಆಸೆ. ಸೌಟು ಹಿಡಿದುಕೊಂಡಾದರೂ ಸರಿ, ಹೋದರೆ ಸಾಕು ಅಂದುಕೊಂಡಳು.

ಹೊರಡಲು ಐದು ದಿನವಿತ್ತು. ವಿಮಾನದಲ್ಲಿ ತಲೆಗೆ ಹದಿನೈದು ಕಿಲೊ. ಹರಿದಾಸನ ಹೆಂಡತಿ ವನಜಾಳ ಪೆಟ್ಟಿಗೆಯಲ್ಲಿ ಮೂರು ಜಾಕೆಟ್ಟು, ನಾಲ್ಕು ಜೊತೆ ಬೂಟು, ಕೂದಲು ಒಣಗಿಸುವ ಯಂತ್ರ. ಮಗಳು ಅಕ್ಷಯಾಳದು ಅದಕ್ಕೂ ಒಂದು ಕೈ ಮೇಲೆ. ಅಕ್ಕಿ, ಬೇಳೆ, ಕುಕ್ಕರು, ಕರೆಂಟ್ ಒಲೆಯೆಲ್ಲ ವೆಂಕಟಲಕ್ಷ್ಮಿಯ ಪಾಲಿನ ಪೆಟ್ಟಿಗೆಗೆ ಬಿದ್ದವು. ಅವಳ ಸ್ವಂತದ್ದೆಂದರೆ ಎರಡು ಸೀರೆ, ಒಂದು ಶಾಲು, ಮಂಡಿನೋವಿನ ಎಣ್ಣೆ.

“ಅತ್ತೇ, ಆರು ಕಿಲೊ ಓವರ್! ಉಂಗ ಶಾಲ್ ಎಡುತ್ತುಡುಂಗ” ಎಂದಳು ಅಕ್ಷಯಾ. ಈ ತಮಿಳು ಊರಿನಲ್ಲೇ ಬೆಳೆದ ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳು. ಅತ್ತೆ ಶಾಲು ತೆಗೆದಳು. ಎಣ್ಣೆಯನ್ನೂ ತೆಗೆದಳು.

“ಒಲೆ ಮುಂದೆ ಇರೋರಿಗೆ ಚಳಿ ಎಲ್ಲಿಂದ ಬರ್ಬೇಕು ಅಕ್ಕ?” ಎಂದು ವನಜಾ ನಕ್ಕಳು. “ಆದ್ರೂ ಇನ್ನೂ ಐದು ಕಿಲೊ ಇದೆಯಲ್ಲ, ರಾಮಾ!”

ತನ್ನ ಪೆಟ್ಟಿಗೆಯಿಂದ ಇವರಿಗೆಲ್ಲ ತಾಪತ್ರಯವಾಯಿತಲ್ಲ ಎಂದು ಆ ಪುಣ್ಯಾತ್ಗಿತ್ತಿಗೆ ಜೀವ ಹಿಂಡಿತು. ದೇವರಮನೆಯಲ್ಲಿದ್ದ ಮಠದ ಪಂಚಾಂಗ ತೆಗೆದು, ಹಿಂದಿನ ಪುಟದಲ್ಲಿದ್ದ ಬದರಿಯ ಶಾಖೆಯ ನಂಬರಿಗೆ ತಾನೇ ಫೋನ್ ಹಚ್ಚಿದಳು. ಅಕ್ಕಿಯಾದರೂ ಅಲ್ಲೇ ಸಿಗುತ್ತದೆಯೇ ಎಂದು ಕೇಳಲು. ಮಾತು ಮುಗಿದದ್ದೇ ತಡ, ಮಂಡಿನೋವನ್ನೂ ಮರೆತು ಹಾಲ್‌ಗೆ ಓಡಿಬಂದಳು.

“ಹರೀ, ಅಕ್ಕಿ ಬೇಡ, ಒಲೆ ಬೇಡ, ಏನೂ ಬೇಡ ಕಣೋ! ಮಠದಲ್ಲೇ ಎರಡು ಹೊತ್ತೂ ಮಡಿ ಊಟ ಹಾಕ್ತಾರಂತೆ! ಮುಂಚೆ ಹೇಳಿದ್ರೆ ಸಾಕಂತೆ!”

ಹರಿದಾಸ ಹೆಂಡತಿಯ ಮುಖ ನೋಡಿದ. ಅವಳು ಇವನ ಮುಖ ನೋಡಿದಳು.

“ಹಾಗಾದ್ರೆ ಅಕ್ಕ ಪಾಪ ಯಾಕೆ ಸುಮ್ನೆ ಅಷ್ಟು ದೂರ…” ಎಂದಳು ವನಜಾ. “ಮಂಡಿ ಬೇರೆ ಸರಿ ಇಲ್ಲ. ನಮ್ಮಮ್ಮ ಎಷ್ಟು ದಿನದಿಂದ ಬದರಿ ಬದರಿ ಅಂತಿದಾಳೆ. ರೂಮ್ ನಾಲ್ಕೇ ಜನಕ್ಕೆ ಇರೋದು.”

“ನಾನೂ ಅಂತಿದ್ನಲ್ಲೋ, ಹರೀ.”

“ಮುಂದಿನ ಸಲ, ಅಕ್ಕ. ಖಂಡಿತ” ಎಂದ ಹರಿದಾಸ, ಫೋನಿನಿಂದ ತಲೆಯೆತ್ತದೆ. ಅವಳ ಟಿಕೆಟ್ಟು ರದ್ದಾಗಿ, ವನಜಾಳ ತಾಯಿಗೆ ಟಿಕೆಟ್ಟಾಗಲು ಹತ್ತು ನಿಮಿಷವೂ ಹಿಡಿಯಲಿಲ್ಲ.

ವೆಂಕಟಲಕ್ಷ್ಮಿ ಅಕ್ಕಿಯನ್ನು ಡಬ್ಬಿಗೆ ಸುರಿದಳು, ಕುಕ್ಕರನ್ನು ಕಟ್ಟೆಯ ಮೇಲಿಟ್ಟಳು. ಮಠದವರು ಇಲ್ಲವೆಂದರು ಎಂದು ಒಂದು ಸುಳ್ಳು ಹೇಳಿದ್ದರೆ ಬದರಿ ಸಿಗುತ್ತಿತ್ತು. ಅರವತ್ತೆಂಟು ವರ್ಷಕ್ಕೂ ಆ ಒಂದು ಸುಳ್ಳು ತನಗೆ ಹೊಳೆಯಲಿಲ್ಲವಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಹೊರಡುವ ಬೆಳಿಗ್ಗೆ ದಾರಿಗೆಂದು ಅವಳೇ ಪುಳಿಯೋಗರೆ ಕಟ್ಟಿಕೊಟ್ಟಳು. ಬಾಗಿಲಲ್ಲಿ ಕಾರು ಬಂದು ನಿಂತಿತ್ತು. ಯಾತ್ರೆಗೆ ಮುಂಚೆ ಹಿರಿಯರ ಆಶೀರ್ವಾದ ಬೇಕಲ್ಲ. ಹರಿದಾಸ ಅವಳ ಕಾಲಿಗೆ ಬಗ್ಗಿದ.

ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

“ಮಡೀಲಿದೀನಿ. ಮುಟ್ಟಬೇಡ.”

ಅವಳಿನ್ನೂ ಸ್ನಾನವನ್ನೇ ಮಾಡಿರಲಿಲ್ಲ. ಮೈಮೇಲೆ ನಿನ್ನೆಯದೇ ಸೀರೆಯಿತ್ತು. ಹರಿದಾಸ ಆ ಸೀರೆಯನ್ನು ನೋಡಿದ, ಕಾರಿನ ಕಡೆ ನಡೆದ.