ವೀರನ ಎಡಗೆನ್ನೆ

ಡಬ್ಬಿಂಗ್ ಕಲಾವಿದ ಬಲದವಡೆ ಒತ್ತಿ ಹಿಡಿದುಕೊಂಡೇ ದಂತವೈದ್ಯೆಯ ಕುರ್ಚಿಯಲ್ಲಿ ಒರಗಿ, ಹಲ್ಲುನೋವಿನ ಕತೆ ಶುರು ಮಾಡಿದ. ನಾಲ್ಕು ಮಾತು ಕೇಳುವುದರೊಳಗೆ ಆಕೆ ಕೈಯಲ್ಲಿದ್ದ ಪುಟ್ಟ ಕನ್ನಡಿಯನ್ನು ತಟ್ಟೆಗೆ ಠಣ್ಣನೆ ಹಾಕಿದಳು.

“ಟಿವಿಯಲ್ಲಿ ನನ್ನ ಕತ್ತಿವೀರನಿಗೆ ಧ್ವನಿ ಕೊಟ್ಟು ಅವನ ಮಾನ ಕಳೆದೋರು ನೀವೇನಾ?”

ಅವನು ಹೆಮ್ಮೆಯಿಂದ ತಲೆಯಾಡಿಸಿದ. ಮಾನ ಕಳೆದದ್ದು ಹೇಗೆಂದು ಮಾತ್ರ ಹೊಳೆಯಲಿಲ್ಲ.

“ಅವನ ಕತೆ ಮೊದಲು ಬಂದ ಜಪಾನಿ ಚಿತ್ರಕತೆ, ಆ ಮಾಂಗಾದ ಹದಿನೆಂಟು ಪುಸ್ತಕಾನೂ ಓದಿದೀನಿ. ಮೂರನೇದ್ರಲ್ಲೇ ಅವನ ಎಡಗೆನ್ನೆಗೆ ಏಟು ಬೀಳುತ್ತೆ. ಆಮೇಲೆ ಅವನು ತೊದಲದೆ ಒಂದು ಮಾತೂ ಆಡಿಲ್ಲ. ನೀವು ನೋಡಿದ್ರೆ ವಾರ್ತೆ ಓದೋರ ಥರ ಪಟಪಟ ಅಂತೀರಿ!”

“ಪುಸ್ತಕ ಓದಿಲ್ಲ ಡಾಕ್ಟ್ರೇ, ಟಿವಿಗೆ ಮಾಡಿರೋ ಕಾರ್ಟೂನು, ಆ ಆನಿಮೆ ನೋಡ್ಕೊಂಡು ಹಾಗೇ…”

“ಬಾಯಿ ತೆಗೀರಿ.”

ವಾದ ಅಲ್ಲಿಗೆ ಮುಗಿಯಿತು. ಮರಗಟ್ಟಿಸುವ ಸೂಜಿ ಬಾಯೊಳಗೆ ಹೋದಾಗ ಅವನು ಏನೋ ಹೇಳಲು ಒದ್ದಾಡಿದ. ಹೊರಗೆ ಬಂದದ್ದು ಬರೀ “ಆ… ಆ…” ಅಷ್ಟೇ. ಐದು ನಿಮಿಷ ಬಿಟ್ಟು ಆಕೆ ಮುಂದಕ್ಕೆ ಬಾಗಿದಳು.

“ಈಗ ಹೇಳಿ: ನಿಮ್ಮನ್ನು ಬಿಡೆನು, ಪಿಶಾಚಿಗಳೇ!”

“ನಿಮ್ಮನ್ನು ಬಿಥೆನು, ಪಿಥಾಥಿಗಲೇ,” ಎಂದ. ತುಟಿಯಂಚಿನಿಂದ ಜೊಲ್ಲು ಇಳಿಯಿತು.

ಅದನ್ನು ಒರೆಸಲೆಂದು ತೆಗೆದ ಹತ್ತಿಯಲ್ಲಿ ಆಕೆ ತನ್ನ ಕಣ್ಣೊರೆಸಿಕೊಂಡಳು.

“ಇದೇ! ಹತ್ತು ವರ್ಷದಿಂದ ನನ್ನ ಕಿವೀಲಿದ್ದ ದನಿ ಇದೇ! ಇನ್ನೆಷ್ಟು ಕಂತು ಬಾಕಿ?”

“ಹನ್ನೊಂಥು.”

“ಪ್ರತಿ ಕಂತಿಗೂ ಮುಂಚೆ ಇಲ್ಲಿಗೆ ಬಂದು ಹೋಗ್ಬಿಡಿ.”

“ಥರಿ ಡಾಕ್ಥ್ರೇ. ಆದ್ರೆ ಥೂಜಿ ಹಾಕಿಥ್ಥು ಎಡಗಡೆ, ನೋವಿರೋಥು ಬಲಗಡೆ.”

“ಬಲಗಡೆಯಾ?” ಆಕೆ ಹುಬ್ಬು ಗಂಟಿಕ್ಕಿದಳು. “ವೀರನಿಗೆ ಬಲಗಡೆ ಏನೂ ಆಗಿಲ್ವಲ್ರೀ!”