ಹನ್ನೊಂದು ಹೆಸರುಗಳ ಜೀಪು

ಆ ಜೀಪಿನ ಮೈಮೇಲೆ ಹನ್ನೊಂದು ಹೆಸರುಗಳಿದ್ದವು. ಹನ್ನೊಂದನ್ನೂ ಬರೆದವನು ನಾನೇ. ಬಿಳಿಯ ಅಕ್ಷರ, ಕೆಂಪು ಅಂಚು. ಒಂದರ ತಲೆಕಟ್ಟು ಇನ್ನೊಂದಕ್ಕಿಂತ ಎಳ್ಳಿನಷ್ಟೂ ಮೇಲೆ ಹೋಗಿರಲಿಲ್ಲ. ಬಾನೆಟ್ಟಿನ ಮೇಲೆ ಒಂದು, ಬಂಪರಿನ ಮೇಲೆ ಒಂದು, ಎರಡು ಬಾಗಿಲುಗಳಿಗೆ ಎರಡು, ಬೆನ್ನಿಗೆ ಕಟ್ಟಿದ ಸ್ಟೆಪ್ನಿಯ ಹೊದಿಕೆಯ ಮೇಲೆ ದುಂಡಗೆ ಸುತ್ತಿಸಿದ್ದು ಇನ್ನೊಂದು. ದೂರದಿಂದ ನೋಡಿದವರಿಗೆ ಅದು ವಾಹನವೋ, ಮದುವೆಯ ಲಗ್ನಪತ್ರಿಕೆಯೋ ಎಂಬ ಅನುಮಾನ ಬರುತ್ತಿತ್ತು.

ನಮ್ಮ ಊರಿನಲ್ಲಿ ಹೆಸರು ಬರೆಸಿದ ಮೇಲೆಯೇ ದಾನವು ಪೂರ್ತಿಯಾಗುತ್ತಿತ್ತು. ಪುರಭವನದ ಫ್ಯಾನುಗಳ ರೆಕ್ಕೆಗಳ ಮೇಲೂ ದಾನಿಗಳ ಹೆಸರುಗಳಿದ್ದವು. ತಿರುಗಿದರೆ ಓದಲಾಗುವುದಿಲ್ಲವೆಂದು ಸಭೆಯ ಹೊತ್ತಿಗೆ ಫ್ಯಾನುಗಳನ್ನು ನಿಲ್ಲಿಸುತ್ತಿದ್ದರು. ದಾನಿಗಳ ಗುಣಗಾನವನ್ನು ನಾವು ಬೆವರು ಒರೆಸಿಕೊಳ್ಳುತ್ತ ಕೇಳುತ್ತಿದ್ದೆವು. ನಾನು ಹೈಸ್ಕೂಲಿನ ಕನ್ನಡ ಪಂಡಿತ. ಕೈಬರಹ ಚೆನ್ನಾಗಿದೆ ಎಂಬ ಒಂದೇ ಅಪರಾಧಕ್ಕಾಗಿ ಆ ಹೆಸರುಗಳನ್ನೆಲ್ಲ ಬರೆಯುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಬರೆಯುತ್ತ ಬರೆಯುತ್ತ ಮನಸ್ಸಿನಲ್ಲೇ ಅವರನ್ನು ತಿರಸ್ಕರಿಸುತ್ತಿದ್ದೆ. ತಿರಸ್ಕಾರಕ್ಕೆ ಖರ್ಚಿಲ್ಲ.

ಊರಿನ ಬಡಗಣ ದಿಕ್ಕಿಗೆ ಮುಳ್ಳುಗುಡ್ಡ. ಅದರ ನೆತ್ತಿಯಲ್ಲಿ ಕಲ್ಲು ಒಡೆಯುವವರ ಹಟ್ಟಿ. ಹತ್ತುವ ದಾರಿಗೆ ಏಳು ತಿರುವುಗಳು. ಎತ್ತಿನ ಗಾಡಿ ಮೂರನೆಯದರಲ್ಲಿಯೇ ಸೋತು ನಿಲ್ಲುತ್ತಿತ್ತು. ಆಸ್ಪತ್ರೆಯ ನರ್ಸು ಸುಗುಣಾಬಾಯಿಯವರು ವಾರಕ್ಕೊಮ್ಮೆ ಔಷಧದ ಪೆಟ್ಟಿಗೆ ಹೊತ್ತು ನಡೆದೇ ಹತ್ತುತ್ತಿದ್ದರು. ಹಿಂದಿನ ವರ್ಷ ಹೆರಿಗೆ ಕಷ್ಟವಾದ ಹೆಂಗಸೊಬ್ಬಳನ್ನು ಕಂಬಳಿಯ ಜೋಲಿಯಲ್ಲಿ ಇಳಿಸಿ ತರುವಾಗ, ಐದನೆಯ ತಿರುವಿನಲ್ಲಿ ತಾಯಿಯೂ ಹೋದಳು, ಮಗುವೂ ಹೋಯಿತು. ಆಮೇಲೆ ಸುಗುಣಾಬಾಯಿಯವರು ಊರಿನ ಹಿತರಕ್ಷಣಾ ಸಮಿತಿಯ ಮುಂದೆ ನಿಂತು ಒಂದು ಗಾಡಿ ಕೇಳಿದರು. ಸಮಿತಿಯ ಅಧ್ಯಕ್ಷರಾದ ಜವಳಿ ಅಂಗಡಿಯ ಚಂದ್ರಕಾಂತಪ್ಪನವರು ಸರಕಾರಿ ಹರಾಜಿನಲ್ಲಿ ಗುಜರಿ ಬೆಲೆಗೆ ಒಂದು ಮುದಿ ಜೀಪನ್ನು ಹಿಡಿದರು. ಅದನ್ನು ಎತ್ತುಗಳಿಂದ ಎಳೆಸಿ ತಂದು ದಸ್ತಗೀರ್ ಮೇಸ್ತ್ರಿಯ ಶೆಡ್ಡಿನಲ್ಲಿ ಬಿಟ್ಟರು.

ದಸ್ತಗೀರ್ ಅದರ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿದವನು ಅರ್ಧ ಗಂಟೆಯ ಮೇಲೆ ಹೊರಗೆ ಬಂದ.

"ಎಲುಬು ಗಟ್ಟಿ ಇದೆ ಮೇಷ್ಟ್ರೇ," ಎಂದ. "ಮಾಂಸ ಇಲ್ಲ ಅಷ್ಟೆ. ತುಂಬ್ಕೊಟ್ರೆ ಗುಡ್ಡ ಏನು, ಗೋಡೆ ಹತ್ತುತ್ತೆ."

ಮೂರು ತಿಂಗಳು ಆತ ಮಾಂಸ ತುಂಬಿದ. ಮುರಿದುಬಿದ್ದ ಹಾಲಿನ ವ್ಯಾನಿನಿಂದ ಸ್ಪ್ರಿಂಗು ಪಟ್ಟಿಗಳು ಬಂದವು. ಬಸ್ಸಿನ ಗುಜರಿಯಿಂದ ಸೀಟುಗಳು ಬಂದವು. ಒಂದು ಸೀಟನ್ನು ಮಡಚಿದರೆ ರೋಗಿಯನ್ನು ಮಲಗಿಸುವಷ್ಟು ಜಾಗವಾಗುವಂತೆ ಮಾಡಿದ. ನಾಲ್ಕೂ ಚಕ್ರಗಳನ್ನು ಎಳೆಯುವ ಗೇರನ್ನು ಬಿಚ್ಚಿ, ಹಲ್ಲುಹಲ್ಲನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಕೂಡಿಸಿದ. ಒಂದೊಂದು ಭಾಗಕ್ಕೂ ಒಬ್ಬೊಬ್ಬ ದಾನಿ ಮುಂದೆ ಬಂದರು. ಅವರ ಹಿಂದೆ ಬಣ್ಣದ ಡಬ್ಬಿ ಹಿಡಿದು ನಾನು ಹೋದೆ. ಬಾನೆಟ್ಟು ಚಂದ್ರಕಾಂತಪ್ಪನವರದು. ಎಂಜಿನ್ನು ಬಾನೆಟ್ಟಿನ ಕೆಳಗಿರುವುದರಿಂದ ಅದೂ ಅವರ ಲೆಕ್ಕಕ್ಕೆ ಸೇರಿತು. ಟೈರು ಕೊಟ್ಟವರು ಟಾಕೀಸಿನ ಧರಣೇಂದ್ರಯ್ಯನವರು.

"ಚಕ್ರ ತಿರುಗಿದ್ರೆ ನನ್ನ ಹೆಸರು ತಲೆಕೆಳಗಾಗಲ್ವೇನ್ರಿ ಪಂಡಿತ್ರೇ?" ಎಂದು ಅವರು ಕೇಳಿದರು.

"ಆಗುತ್ತೆ. ಅರ್ಧ ಹೊತ್ತು ಮಾತ್ರ," ಎಂದೆ.

ಅವರು ಬಹಳ ಯೋಚಿಸಿ ಮಡ್‌ಗಾರ್ಡನ್ನು ಆರಿಸಿಕೊಂಡರು.

ಡ್ರೈವರನ ಸಂಬಳಕ್ಕೆ ಮಾತ್ರ ಯಾರೂ ಒಪ್ಪಲಿಲ್ಲ. ಸಂಬಳದ ಮೇಲೆ ಬಣ್ಣ ನಿಲ್ಲುವುದಿಲ್ಲವಲ್ಲ. ಸುಗುಣಾಬಾಯಿಯವರು, "ಹಾಗಾದ್ರೆ ನಾನೇ ಕಲೀತೀನಿ," ಎಂದು ದಿನವೂ ಬೆಳಿಗ್ಗೆ ದಸ್ತಗೀರನ ಹಳೆಯ ವ್ಯಾನನ್ನು ನಮ್ಮ ಶಾಲೆಯ ಮೈದಾನದಲ್ಲಿ ಸುತ್ತಿಸತೊಡಗಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗೇರು ಹಾಕುವ ನರ್ಸಮ್ಮನನ್ನು ನೋಡಿ ನಗುವುದಕ್ಕೆಂದೇ ಕೆಲವು ಗಂಡಸರು ಬೇಗ ಏಳುವ ಅಭ್ಯಾಸ ಮಾಡಿಕೊಂಡರು. ಊರಿಗೆ ಅಷ್ಟಾದರೂ ಲಾಭವಾಯಿತು.

ಕೊನೆಗೆ ಉಳಿದದ್ದು ಬ್ರೇಕು. ಹಳೆಯ ಪೈಪುಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಉದ್ಘಾಟನೆಗೆ ಹತ್ತು ದಿನಗಳಿದ್ದಾಗ ಸಮಿತಿಯವರು ಶೆಡ್ಡಿಗೆ ಬಂದರು.

"ಈಗ ಇದು ಹತ್ತೋ ಗಾಡಿ ಮಾತ್ರ ಸ್ವಾಮಿ," ಎಂದ ದಸ್ತಗೀರ್. "ಇಳಿಯೋಕೆ ಬ್ರೇಕು ಬೇಕು. ಬೇರೆ ಎಲ್ಲ ಗುಜರೀದು ಹಾಕಿದೀನಿ. ಇದೊಂದು ಮಾತ್ರ ಹೊಸದೇ ಆಗ್ಬೇಕು, ಪೂರ್ತಿ."

"ಕಾಣೋ ಜಾಗ ಯಾವುದಿದೆ ಅದರಲ್ಲಿ?" ಎಂದರು ವಕೀಲ ಹಯವದನರಾಯರು. ದೀಪಗಳೆರಡೂ ಅವರ ಕೊಡುಗೆಯಾಗಿದ್ದವು.

ದಸ್ತಗೀರ್ ಬಗ್ಗಿ ನೋಡಿದ. "ಪೆಡಲ್ ಒಂದು ಕಾಣುತ್ತೆ. ಅಂಗೈ ಅಗಲ ಇದೆ. ಬರೀಬಹುದು."

ಚಂದ್ರಕಾಂತಪ್ಪನವರ ಮುಖ ಕೆಂಪಾಯಿತು. "ನಮ್ಮ ಮನೆತನದ ಹೆಸರನ್ನ ಚಪ್ಪಲಿ ಕಾಲಲ್ಲಿ ಒತ್ತಿಸ್ಕೊಳ್ಳೋದಾ? ಏನ್ ಮಾತಯ್ಯಾ ಇದು?"

"ಉದ್ಘಾಟನೆ ಆಗೋದು ಪುರಭವನದ ಮುಂದೆ, ಸಮತಟ್ಟು ಜಾಗ," ಎಂದು ವಕೀಲರು ದಾರಿ ತೋರಿಸಿದರು. "ಹಾರ, ಫೋಟೋ ಮುಗೀಲಿ. ಬ್ರೇಕು ಆಮೇಲೆ ನೋಡೋಣ."

"ನಿಲ್ಲದ ಗಾಡಿ ನನ್ನ ಶೆಡ್ಡಿಂದ ಹೊರಗೆ ಹೋಗಲ್ಲ ಸ್ವಾಮಿ."

"ಗಾಡಿ ನಮ್ದಯ್ಯಾ."

"ಗಾಡಿ ನಿಮ್ದೇ. ಚಕ್ರ ಬಿಚ್ಚಿಟ್ಟಿರೋನು ನಾನು."

ಅವರು ಎದ್ದುಹೋದರು. ಒಬ್ಬ ಹೆಂಗಸು, ಒಂದು ಮಗು ಸತ್ತ ದಾರಿಗೆ ಗಾಡಿ ಬೇಕೆಂದು ಹೊರಟವರು, ತಮ್ಮ ಹೆಸರಿನ ಮೇಲೆ ಕಾಲು ಬಿದ್ದೀತೆಂಬ ಭಯಕ್ಕೆ ಆ ಗಾಡಿಯನ್ನು ಇಟ್ಟಿಗೆಗಳ ಮೇಲೆ ಕೂರಿಸಿ ಹೋದರು.

ಇಷ್ಟು ಕತೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ತರಗತಿಯಲ್ಲಿ ಇದನ್ನೊಂದು ಪಾಠವನ್ನಾಗಿಯೇ ಮಾಡಿದ್ದೆ. ಅಧ್ಯಕ್ಷರ ಮುಖ ಕೆಂಪಾದದ್ದನ್ನು ಅಭಿನಯಿಸಿ ತೋರಿಸುತ್ತಿದ್ದೆ, ಹುಡುಗರು ನಗುತ್ತಿದ್ದರು. ಕತೆಯನ್ನು ಸರಿಯಾಗಿ ಇಲ್ಲಿಗೆ ನಿಲ್ಲಿಸಿ ಪುಸ್ತಕ ಮುಚ್ಚುತ್ತಿದ್ದೆ. ಮುಂದಿನದನ್ನು ಯಾರಿಗೂ ಹೇಳಿಲ್ಲ.

ಅವರು ಹೋದ ಮೇಲೆ ದಸ್ತಗೀರ್ ಚಿಂದಿ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದ.

"ನೀವು ಕೊಡ್ತೀರಾ ಮೇಷ್ಟ್ರೇ?"

ನನ್ನಲ್ಲಿ ಹಣವಿದ್ದುದು ಅವನಿಗೆ ಗೊತ್ತಿತ್ತು. ನನ್ನ ನೀತಿಪದ್ಯಗಳನ್ನು ಅಚ್ಚು ಹಾಕಿಸಲೆಂದು ಕೂಡಿಟ್ಟದ್ದನ್ನು ನಾನೇ ಊರಿಗೆಲ್ಲ ಹೇಳಿಕೊಂಡಿದ್ದೆ. ನೂರು ಪದ್ಯಗಳಲ್ಲಿ ಮೂವತ್ತಾರು ನಿಃಸ್ವಾರ್ಥವನ್ನು ಕುರಿತವು. ಹೆಸರಿಲ್ಲದೆಯೂ ಕೊಡಬಹುದಾಗಿತ್ತು. ಆ ವಿಚಾರ ನನಗೆ ಹೊಳೆಯಲೇ ಇಲ್ಲ. ಕಣ್ಣ ಮುಂದೆ ಬಂದದ್ದು ಪೆಡಲಿನ ಮೇಲೆ ನನ್ನ ಹೆಸರು, ಅದರ ಮೇಲೊಂದು ಚಪ್ಪಲಿ.

"ಅಕ್ಷರ ಅಂದ್ರೆ ಸರಸ್ವತಿ ಕಣಯ್ಯ," ಎಂದೆ. "ತುಳಿಯೋ ಜಾಗದಲ್ಲಿ ಬರೆಯೋದು ತಪ್ಪು. ಅದಕ್ಕೆ ನಾನು ಕೈಹಾಕಲ್ಲ."

ದಸ್ತಗೀರ್ ತಲೆಯಾಡಿಸಿದ. "ನಂಗೆ ಓದು ಬರಲ್ಲ ಮೇಷ್ಟ್ರೇ. ನೀವು ಹೇಳಿದ್ಮೇಲೆ ಸರೀನೇ ಇರ್ಬೇಕು."

ಆತ ವ್ಯಂಗ್ಯವಾಗಿ ಹೇಳಿರಲಿಲ್ಲ. ಹೇಳಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

ಮರುದಿನ ಬೆಳಿಗ್ಗೆ ಸ್ಟೆಪ್ನಿಯ ಹೊದಿಕೆಯ ಹೆಸರಿಗೆ ಕೆಂಪು ಅಂಚು ಎಳೆಯುತ್ತ ನಾನು ಅಲ್ಲಿಯೇ ಇದ್ದೆ. ಸುಗುಣಾಬಾಯಿಯವರು ವ್ಯಾನು ತಂದು ನಿಲ್ಲಿಸಿ, ದಸ್ತಗೀರನಿಂದ ಎಲ್ಲವನ್ನೂ ಕೇಳಿದರು.

"ಬ್ರೇಕು ಒತ್ತೋರು ಯಾರು?"

"ನೀವೇ ಅಕ್ಕಾ."

"ಹಾಗಾದ್ರೆ ನನ್ನ ಹೆಸರೇ ಬರೀಲಿ. ನನ್ನ ಕಾಲು, ನನ್ನ ಹೆಸರು. ಜಗಳ ಮನೇಲೇ ಮುಗೀತು." ಕೈಚೀಲದಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಅವನಿಗೆ ಕೊಟ್ಟರು. "ಸೈಕಲ್ಲಿಗೆ ಅಂತ ಇಟ್ಟಿದ್ದೆ. ಜೀಪು ಓಡಿಸೋಳಿಗೆ ಸೈಕಲ್ ಯಾತಕ್ಕೆ? ಸಾಲ್ದಿದ್ರೆ ಹೇಳು."

"ಹೆಸರು ಬೇಕೇ ಬೇಕಾ ಅಕ್ಕಾ?"

"ಬೇಡ್ವೇ ಮತ್ತೆ? ಹೆಸರಿಲ್ದಿದ್ರೆ ನಿಮ್ಮ ಅಧ್ಯಕ್ಷರು ಈ ಗಾಡಿಗೆ ಬ್ರೇಕೇ ಇಲ್ಲ ಅಂತ ತಿಳ್ಕೋತಾರೆ." ನಗುತ್ತ ನನ್ನ ಕಡೆ ತಿರುಗಿದರು. "ಪಂಡಿತ್ರೇ, ಒಂದು ಮೂರಕ್ಷರ ಗೀಚಿಬಿಡಿ."

ನಾನು ಸರಸ್ವತಿಯ ಮಾತನ್ನೇ ಮತ್ತೆ ಹೇಳಿದೆ. ಈ ಸಲ ನಾಲಿಗೆ ಸ್ವಲ್ಪ ತೊಡರಿತು. ಜ್ವರವಿಲ್ಲವೆಂದು ಹೇಳುವ ರೋಗಿಯನ್ನು ನೋಡುವಂತೆ ಅವರು ನನ್ನನ್ನು ನೋಡಿದರು. ಆಮೇಲೆ ನನ್ನ ಕೈಯಿಂದ ಕುಂಚವನ್ನು ಬಿಡಿಸಿಕೊಂಡು, ನೆಲದ ಮೇಲೆ ಮೊಣಕಾಲೂರಿ, ಜೀಪಿನೊಳಗೆ ಬಗ್ಗಿ ತಾವೇ ಬರೆದರು. ಅಕ್ಷರಗಳು ಅಂಕುಡೊಂಕಾಗಿದ್ದವು. ಅದು ನನ್ನ ಕಣ್ಣಿಗೆ ಬಿತ್ತು. ನಾನು ಆಗಲೂ ಗಮನಿಸಿದ್ದು ಅದನ್ನೇ.

ದಸ್ತಗೀರ್ ಹೊಸ ಬ್ರೇಕು ಕೂರಿಸಿ ಚಕ್ರಗಳನ್ನು ಮತ್ತೆ ಹಾಕಿದ, ಹಣ ಯಾರದೆಂದು ಸಮಿತಿಯವರು ಕೇಳಲಿಲ್ಲ. ಉದ್ಘಾಟನೆಯ ದಿನ ಹನ್ನೊಂದು ಹೆಸರುಗಳನ್ನೂ ಗಟ್ಟಿಯಾಗಿ ಓದಿದವನು ನಾನು. ಓದಿ ಮುಗಿಸುವಾಗ ಸುಗುಣಾಬಾಯಿಯವರು ಗುಂಪಿನ ಅಂಚಿನಲ್ಲಿ ನಿಂತು ಎಲ್ಲರಂತೆ ಚಪ್ಪಾಳೆ ತಟ್ಟುತ್ತಿದ್ದರು. ಹಟ್ಟಿಯವರು ದಾನಿಗಳಿಗೆ ಎಳನೀರು ಕೊಡಲು ಕರೆದಿದ್ದರಿಂದ ಚಂದ್ರಕಾಂತಪ್ಪನವರು, ವಕೀಲರು ಮತ್ತು ನಾನು ಜೀಪಿನಲ್ಲಿ ಕುಳಿತು ಗುಡ್ಡ ಹತ್ತಿದೆವು. ಏಳು ತಿರುವುಗಳನ್ನೂ ಅದು ಏದುಸಿರಿಲ್ಲದೆ ಹತ್ತಿತು. ದಾರಿಯುದ್ದಕ್ಕೂ ಅಧ್ಯಕ್ಷರು ತಮ್ಮ ಎಂಜಿನ್ನನ್ನು ಹೊಗಳಿಕೊಂಡರು.

ಇಳಿಯುವಾಗ, ಐದನೆಯ ತಿರುವಿನ ಆಚೆ, ಮೇಲಿನಿಂದ ಉರುಳಿದ ಬಂಡೆಯೊಂದು ದಾರಿಯ ನಟ್ಟನಡುವೆ ಬಿದ್ದಿತ್ತು. ಎಡಕ್ಕೆ ಗುಡ್ಡದ ಗೋಡೆ, ಬಲಕ್ಕೆ ಪ್ರಪಾತ. ಸುಗುಣಾಬಾಯಿಯವರ ಕಾಲು ಒತ್ತಿತು. ನಾವು ಮೂವರೂ ಮುಂದಕ್ಕೆ ಮುಗ್ಗರಿಸಿದೆವು. ವಕೀಲರ ಪೇಟ ಬಿದ್ದುಹೋಯಿತು. ಜೀಪು ಬಂಡೆಗೆ ಒಂದು ಗೇಣು ಉಳಿದಿರುವಾಗ ನಿಂತಿತು.

"ಬ್ರೇಕು ಚೆನ್ನಾಗಿದೆ," ಎಂದರು ಚಂದ್ರಕಾಂತಪ್ಪನವರು, ಒಣಗಿದ ದನಿಯಲ್ಲಿ. "ಯಾರು ಕೊಟ್ಟಿದ್ದು?"

ಸುಗುಣಾಬಾಯಿಯವರು ಕಾಲನ್ನು ಎತ್ತುವಂತಿರಲಿಲ್ಲ. ಕೊಟ್ಟವರ ಹೆಸರು ಅವರ ಚಪ್ಪಲಿಯ ಕೆಳಗಿತ್ತು. ಅಧ್ಯಕ್ಷರು ನನ್ನ ಕಡೆ ನೋಡಿದರು. ಊರಿನ ಹೆಸರುಗಳೆಲ್ಲ ಗೊತ್ತಿದ್ದವನು ನಾನು. ನಾನು ಇಳಿದು, ಚಕ್ರಕ್ಕೆ ಕಲ್ಲು ಕೊಡುವ ನೆಪದಲ್ಲಿ ಹಿಂದಕ್ಕೆ ಹೋದೆ.

ನನ್ನ ಪುಸ್ತಕ ಅಚ್ಚಾಯಿತು. ಅದರ ಕಟ್ಟುಗಳು ಈಗಲೂ ಅಟ್ಟದ ಮೇಲಿವೆ. ಜೀಪು ಅದಾದ ಮೇಲೆ ಎಷ್ಟು ಬಸುರಿಯರನ್ನು ಇಳಿಸಿತೆಂಬುದನ್ನು ಎಣಿಸಿದವರಿಲ್ಲ. ಪ್ರತಿ ವರ್ಷ ಹನ್ನೊಂದು ಹೆಸರುಗಳಿಗೂ ನಾನು ತಪ್ಪದೆ ಹೊಸ ಬಣ್ಣ ಹಚ್ಚಿದೆ. ಪೆಡಲಿನ ಕಡೆ ಒಮ್ಮೆಯೂ ಬಗ್ಗಲಿಲ್ಲ.

ಸುಗುಣಾಬಾಯಿಯವರು ನಿವೃತ್ತರಾಗಿ ಊರು ಬಿಟ್ಟ ವಾರ, ಓಡಿಸುವವರಿಲ್ಲದ ಜೀಪನ್ನು ಸಮಿತಿಯವರು ಆಸ್ಪತ್ರೆಯ ಹಿಂದಿನ ಬೇವಿನ ಮರದ ಕೆಳಗೆ ನಿಲ್ಲಿಸಿದರು. ಒಂದು ಮಧ್ಯಾಹ್ನ ಅಲ್ಲಿಗೆ ಹೋದೆ. ಹೆಸರುಗಳೆಲ್ಲ ನೆಟ್ಟಗೆ, ಸ್ಪಷ್ಟವಾಗಿ, ನಾನು ಬರೆದಂತೆಯೇ ಇದ್ದವು. ಬಾಗಿಲು ತೆರೆದು, ಜೀವನದಲ್ಲಿ ಮೊದಲ ಸಲ ಮೊಣಕಾಲೂರಿ ಒಳಗೆ ಬಗ್ಗಿದೆ. ಆ ಮೂರಕ್ಷರ ಎಂದೋ ಸವೆದುಹೋಗಿತ್ತು. ಬಣ್ಣದ ಒಂದು ಚುಕ್ಕೆಯೂ ಉಳಿದಿರಲಿಲ್ಲ. ಸುತ್ತಲಿನ ತಗಡೆಲ್ಲ ಧೂಳು ಹಿಡಿದು ಮಂಕಾಗಿತ್ತು. ಅಂಗೈ ಅಗಲದ ಆ ಕಬ್ಬಿಣವೊಂದೇ, ದಿನವೂ ತಿಕ್ಕಿದ ಪಾತ್ರೆಯಂತೆ, ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿಗೆ ಹೊಳೆಯುತ್ತಿತ್ತು.