ಸೈಫನ್ನಿನೊಳಗೆ ಮೂರನೆಯ ಬ್ಯಾಟರಿ

ಸುರಪುರದ ತಾಲೂಕು ಕಚೇರಿಯಲ್ಲಿ ಗುಮಾಸ್ತಳಾಗಿದ್ದ ದೇವಕಮ್ಮನ ಮೇಜಿಗೆ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಮೂರು ಬ್ಯಾಟರಿಗಳು ಬಂದವು. ಮೂರೂ ನೀರಿನೊಳಗೆ ಉರಿಯುವಂಥವು. ಕಾಲುವೆಗೆ ಬಿದ್ದವರನ್ನು ಹುಡುಕುವ ಮುಳುಗುಗಾರರಿಗೆ ಯಾವುದು ಆದೀತೆಂದು ನೋಡಿ ಅವಳು ಟಿಪ್ಪಣಿ ಬರೆಯಬೇಕಿತ್ತು. ಎಲ್ಲಕ್ಕಿಂತ ದೊಡ್ಡದನ್ನು ಬರೆದು ಕಡತ ಮುಚ್ಚುವುದು ಅವಳ ಯೋಚನೆ.

ಮುಳುಗುಗಾರ ಮಸ್ತಾನಸಾಬ ಒಪ್ಪಲಿಲ್ಲ. ಸಣ್ಣವನಿದ್ದಾಗ ಬಾವಿಗೆ ಬಿದ್ದ ಕೊಡ ತೆಗೆದುಕೊಡುತ್ತಿದ್ದವ. ಈಗ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯುವುದನ್ನು ಕಲಿತಿದ್ದ. ಈ ಕಡೆಗೆ ಬಂದು ಎರಡು ವರ್ಷವಾಗಿತ್ತು.

"ಕಾಗದದ ಮ್ಯಾಲ ಎಲ್ಲಾ ಬ್ಯಾಟ್ರಿನೂ ಚಲೋನ ಇರ್ತಾವ ಅಕ್ಕಾರ," ಎಂದ. "ಕೆಸರ ನೀರಾಗ ಹಿಡಿದು ನೋಡಬೇಕು. ನೀವೂ ಬರ್ರಿ. ನಿಮ್ಮ ಕಣ್ಣಮುಂದ ಆಗಲಿ."

ಹೀಗಾಗಿ ಮಧ್ಯಾಹ್ನದೊಳಗೆ ಅವಳು ರಂಗಂಪೇಟೆ ದಾಟಿ ಕಾಲುವೆಯ ದಂಡೆಯ ಮೇಲೆ ಕೊಡೆ ಹಿಡಿದು ನಿಂತಿದ್ದಳು. ಕಾಲುವೆಗೆ ನೀರು ನಿಲ್ಲಿಸಿ ಹತ್ತು ದಿನವಾಗಿತ್ತು. ಉದ್ದಕ್ಕೂ ತಳ ಒಣಗಿ ಬಿರಿದಿದ್ದರೂ ಹಳ್ಳ ಅಡ್ಡ ಬರುವ ಕಡೆ ಮಾತ್ರ ನೀರಿತ್ತು. ಅಲ್ಲಿ ಕಾಲುವೆಯ ನೀರು ಕಾಂಕ್ರೀಟಿನ ಸುರಂಗದೊಳಗೆ ಇಳಿದು, ಹಳ್ಳದ ಅಡಿಯಿಂದ ಹಾಯ್ದು, ಆಚೆ ಮೇಲೇಳುತ್ತದೆ. ಸೈಫನ್ ಎನ್ನುವ ಆ ಗುಂಡಿ ಯಾವ ಬೇಸಿಗೆಯಲ್ಲೂ ಬತ್ತುವುದಿಲ್ಲ. ಅದರೊಳಗೆ ಯಾರೂ ಇಳಿದು ನೋಡಿರಲೂ ಇಲ್ಲ.

ಜೊತೆಗಾರ ಲಿಂಗಣ್ಣ ಹಗ್ಗದ ತುದಿ ಹಿಡಿದುಕೊಂಡ. ಮಸ್ತಾನಸಾಬ ಮೊದಲು ದೊಡ್ಡ ಬ್ಯಾಟರಿ ಹಿಡಿದು ಇಳಿದು, ಬೇಗನೆ ಮೇಲೆ ಬಂದ.

"ಬೆಳಕ ಭಾಳ ಅದ. ಆದ್ರ ಅಗಲ ಹರಡ್ತದ. ನೀರಾಗಿನ ಮಣ್ಣಿನ ಕಣಕ್ಕ ಬಡಿದು ಎಲ್ಲಾ ನನ್ನ ಕಣ್ಣಿಗೇ ವಾಪಸ ಬರ್ತದ. ಬಿಳಿ ಗ್ವಾಡಿ ಮುಂದ ನಿಂತಂಗ ಆತು."

ಎರಡನೆಯದರ ಒತ್ತುಗುಂಡಿ ಕೈಗವಸಿನ ಬೆರಳಿಗೆ ಸಿಗಲಿಲ್ಲ. ಮುಚ್ಚಳದ ರಬ್ಬರ್ ಬಳೆಯ ಹತ್ತಿರ ನೀರೂ ಜಿನುಗಿತ್ತು. ಮೂರನೆಯದು ಗೇಣುದ್ದದ ಸಣ್ಣದು. ಮುಂಗೈಗೆ ಸಿಕ್ಕಿಸಿಕೊಳ್ಳಲು ದಾರವಿತ್ತು. ಇದರಲ್ಲೇನಿದೆ ಎಂದುಕೊಂಡೇ ದೇವಕಮ್ಮ ಅದನ್ನು ಅವನ ಕೈಗೆ ಕೊಟ್ಟಳು.

ಈ ಸಲ ಅವನು ಬೇಗ ಬರಲಿಲ್ಲ. ಹಗ್ಗ ಒಳಗೊಳಗೇ ಹೋಯಿತು. ಮೇಲೆ ಬಂದಾಗ ಬಾಯಿಯ ಕೊಳವೆ ತೆಗೆದು, "ಇದಽ ಇರಲಿ ಅಕ್ಕಾರ," ಎಂದ. "ಬೆಳಕ ಸಣ್ಣದು, ಖರೆ, ಆದ್ರ ಸೂಜಿ ಹಂಗ ನೆಟ್ಟಗ ಹೋಗ್ತದ. ಅಂದಂಗ, ಒಳಗೊಂದು ಸ್ಕೂಟರ್ ಸಿಕ್ಕೊಂಡದ. ಅರ್ಧ ಮಣ್ಣಾಗ ಹುಗದೈತಿ. ನಂಬರ್ ಓದಿ ಬಂದೀನಿ, ಬರಕೋರಿ. ಪೊಲೀಸರಿಗೆ ಹೇಳೂದು ಬೇಕಲ್ಲ."

ದೇವಕಮ್ಮ ಕಡತದ ಹಿಂಬದಿಗೆ ಬರೆದುಕೊಳ್ಳತೊಡಗಿದಳು.

"ಕೆಎ ಮೂವತ್ತೆರಡು. ಆಮ್ಯಾಲ ನಾಕು, ಏಳು. ಮುಂದಿನವು ಎರಡು ಜಂಗು ತಿಂದು ಹೋಗ್ಯಾವ, ಕಾಣವಲ್ವು."

ಅವಳ ಪೆನ್ನು ನಿಲ್ಲಲಿಲ್ಲ. ಏಳರ ಮುಂದೆ ಒಂದು, ಆರು ಎಂದು ಬರೆಯಿತು. ಬರೆದದ್ದನ್ನು ಅವಳು ನೋಡಿದಳು. ಒಂಬತ್ತು ವರ್ಷದ ಹಿಂದೆ ಠಾಣೆಯಲ್ಲಿ, ಗಂಡ ಕಾಣೆಯಾಗಿದ್ದಾನೆಂಬ ಅರ್ಜಿಯಲ್ಲಿ ತನ್ನದೇ ಕೈಯಿಂದ ಬರೆದ ನಂಬರು ಅದು.

ಲಿಂಗಣ್ಣ ಏನೋ ಕೇಳಿದ. ಅವಳಿಗೆ ಅವನ ತುಟಿ ಅಲುಗುವುದು ಕಂಡಿತೇ ಹೊರತು ಮಾತು ಕೇಳಿಸಲಿಲ್ಲ. ಕೊಡೆ ಕೈಬಿಟ್ಟು ಕಾಲುವೆಯ ಇಳಿಜಾರಿನಲ್ಲಿ ಉರುಳಿ ಹೋಯಿತು. ಅವಳು ಬಿಸಿಲಲ್ಲಿ ನಿಂತೇ ಇದ್ದಳು.

ಅವಳ ಗಂಡ ಅಂಬ್ರಪ್ಪ ಶಾಲೆಯ ಮಾಸ್ತರ. ಮಗಳಿಗೆ ಎಂಟು ತಿಂಗಳಾಗಿದ್ದಾಗ ಒಂದು ಬೆಳಿಗ್ಗೆ ಸ್ಕೂಟರ್ ಹತ್ತಿ, ಕಾಲುವೆಯ ದಂಡೆಯ ದಾರಿಯಿಂದ ಶಾಲೆಗೆಂದು ಹೋದವನು ಶಾಲೆಗೂ ತಲುಪಲಿಲ್ಲ, ಮನೆಗೂ ಬರಲಿಲ್ಲ. ನಾಲ್ಕನೆಯ ದಿನ ದೇವಕಮ್ಮನ ಅಣ್ಣ ಈಶಪ್ಪ ಸುದ್ದಿ ತಂದ. ಯಾದಗಿರಿ ಸ್ಟೇಷನ್ನಿನಲ್ಲಿ ಅಂಬ್ರಪ್ಪನನ್ನು ಕಂಡೆ, ಜೊತೆಗೊಬ್ಬ ಹೆಂಗಸಿದ್ದಳು, ಹೈದರಾಬಾದಿನ ರೈಲು ಹತ್ತಿದರು ಎಂದ. ಠಾಣೆಯಲ್ಲೂ ಅದನ್ನೇ ಹೇಳಿದ. ಹುಡುಕುವುದು ಅಲ್ಲಿಗೇ ನಿಂತಿತು.

ಅಂದು ರಾತ್ರಿಯೇ ದೇವಕಮ್ಮ ಗಂಡನ ಅಂಗಿಗಳನ್ನು ಒಲೆಗೆ ಹಾಕಿದ್ದಳು. ಆ ಸಿಟ್ಟಿನಲ್ಲೇ ಓದಿ ಪರೀಕ್ಷೆ ಬರೆದು ನೌಕರಿ ಹಿಡಿದಿದ್ದಳು. ಸಗರದಲ್ಲಿದ್ದ ಅತ್ತೆ ಮರಿಲಿಂಗಮ್ಮ ಮೊಮ್ಮಗಳನ್ನು ನೋಡಲು ಬಂದು, "ನನ್ನ ಮಗ ಅಂಥವ ಅಲ್ಲ. ಸತ್ತಿರಬೇಕು, ಓಡಿ ಹೋಗಿಲ್ಲ," ಎಂದಾಗ, "ಮಗನ ಮಾನ ಉಳಿಸಾಕ ಅವನ್ನ ಸಾಯಿಸಾಕತ್ತೀಯೇನು," ಎಂದು ಕದ ಹಾಕಿದ್ದಳು. ಮುದುಕಿ ಮತ್ತೆ ಬಂದಿರಲಿಲ್ಲ.

ಸಂಜೆಯೊಳಗೆ ಪೊಲೀಸರು ಬಂದರು. ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಸ್ಕೂಟರನ್ನು ಎಳೆದರು. ಮರುದಿನ ಮಸ್ತಾನಸಾಬ ಅದೇ ಸಣ್ಣ ಬ್ಯಾಟರಿ ಹಿಡಿದು ನಾಲ್ಕು ಸಲ ಇಳಿದ. ಮಣ್ಣಿನಡಿ ಎಲುಬುಗಳು ಸಿಕ್ಕವು. ಅವನು ಒಂದೊಂದನ್ನೂ ಎರಡೂ ಕೈಯಲ್ಲಿ ಹಿಡಿದು ತಂದು ಬಿಳಿ ಬಟ್ಟೆಯ ಮೇಲಿಟ್ಟ. ಸ್ಕೂಟರ್ ಯಾರದೆಂದು ಅವನಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ನಂಬರನ್ನು ಹಾಗೆ ಕೂಗಿ ಹೇಳಬಾರದಿತ್ತೆಂದು ಅವಳ ಮುಖ ನೋಡದೆ ಹೇಳಿದ.

"ನೀನು ಹೇಳದಿದ್ರ ನನಗ ಯಾರು ಹೇಳ್ತಿದ್ರು ಭಾಯಿ," ಎಂದಳು ದೇವಕಮ್ಮ.

ಅಲ್ಲಿಂದ ಅವಳು ನೇರ ರಂಗಂಪೇಟೆಗೆ ಹೋದಳು. ಈಶಪ್ಪ ತನ್ನ ಹೊಲಿಗೆ ಅಂಗಡಿಯಲ್ಲಿ ಮಷೀನಿನ ಮುಂದೆ ಕುಳಿತಿದ್ದ. ಸುದ್ದಿ ಮುಟ್ಟಿತ್ತು. ಮಷೀನಿನಲ್ಲಿ ಬಟ್ಟೆ ಇರಲಿಲ್ಲ.

"ಅಣ್ಣಾ, ಸ್ಟೇಷನ್ದಾಗ ಯಾರನ್ನ ನೋಡಿದ್ದಿ?"

"ಯಾರನ್ನೂ ನೋಡಿದ್ದಿಲ್ಲ," ಎಂದ ಅವನು. "ಆ ವಾರ ನಾ ಯಾದಗಿರಿಗೇ ಹೋಗಿದ್ದಿಲ್ಲ."

"ಮತ್ತ ಯಾಕ ಹಂಗ ಹೇಳಿದಿ?"

"ಮೂರು ದಿನ ನೀ ನೀರ ಸೈತ ಮುಟ್ಟಿದ್ದಿಲ್ಲ, ತಂಗಿ. ಕೂಸು ಹಾಲಿಲ್ಲದ ಚೀರಾಕತ್ತಿತ್ತು. ಕೆನಾಲ ದಂಡಿಗೆ ಹೋಗಿ ಕುಂದರ್ತಿದ್ದಿ. ನೀನೂ ಬೀಳ್ತಿ ಅಂತ ಅವ್ವ ಅಳ್ತಿದ್ಲು. ಅವ ಎಲ್ಲೋ ಬದುಕ್ಯಾನ, ಮೋಸ ಮಾಡ್ಯಾನ ಅಂದ್ರ ಬೈಕೋತನರ ಉಣ್ತಿ ಅಂದ್ಕೊಂಡೆ. ನೀ ಉಂಡಿ. ಮುಂದ ಖರೆ ಹೇಳಾಕ ಬಾಯಿ ಬರಲಿಲ್ಲ."

"ನಿನ್ನ ಮಾತಿಗೆ ಹುಡುಕೂದು ಬಿಟ್ರು."

"ಹೌದು."

"ನಾ ನನ್ನ ಮಗಳಿಗೆ, ನಿಮ್ಮಪ್ಪ ನಮ್ಮನ್ನ ಒಲ್ಲೆಂದು ಹೋದ ಅಂತ ಹೇಳೀನಿ. ಒಂಬತ್ತು ವರ್ಷ ಹೇಳೀನಿ."

ಅವನನ್ನು ಹೊಡೆಯಬೇಕೆನಿಸಿತು ಅವಳಿಗೆ, ಕೈ ಏಳಲಿಲ್ಲ. ಆ ನಾಲ್ಕನೆಯ ದಿನ ಈ ಅಣ್ಣನೇ ಎದುರು ಕುಳಿತು ರೊಟ್ಟಿ ಮುರಿದು ಬಾಯಿಗಿಟ್ಟದ್ದು ನೆನಪಿತ್ತು. ತಿರುಗಿ ನೋಡದೆ ಹೊರಬಿದ್ದಳು.

ಎಲುಬು ಅಂಬ್ರಪ್ಪನವೇ ಎಂದು ವರದಿ ಬರುವ ಹೊತ್ತಿಗೆ ಮಳೆಗಾಲ ಹಿಡಿದು, ಕಾಲುವೆಗೆ ಮತ್ತೆ ನೀರು ಬಿಟ್ಟಿದ್ದರು. ಈಶಪ್ಪ ತಾನಾಗಿ ಠಾಣೆಗೆ ಹೋಗಿ ಸುಳ್ಳು ಹೇಳಿದ್ದೆನೆಂದು ಬರೆದುಕೊಟ್ಟು ಬಂದ. ದೇವಕಮ್ಮ ಅವನೊಡನೆ ಮಾತಾಡಲಿಲ್ಲ. ಆದರೆ ಮಗಳು ಮಾವನ ಅಂಗಡಿಗೆ ಹೋದರೆ ಬೇಡವೆನ್ನಲಿಲ್ಲ.

ಮಗಳನ್ನು ಕರೆದುಕೊಂಡು ಅವಳು ಸಗರಕ್ಕೆ ಹೋದಳು. ಮರಿಲಿಂಗಮ್ಮ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ದೇವಕಮ್ಮ ಹೊಸ್ತಿಲಾಚೆಯೇ ನಿಂತು, "ನೀ ಹೇಳಿದ್ದಽ ಖರೆ ಇತ್ತು ಅತ್ತಿ," ಎಂದಳು.

ಮುದುಕಿ ಮೊರ ಕೆಳಗಿಟ್ಟಳು. "ಖರೆ ಆಗೂದು ನನಗ ಬೇಕಾಗಿದ್ದಿಲ್ಲವ್ವ. ಹೋದ ವರ್ಷ ಜ್ವರ ಬಂದು ಮಲಗಿದಾಗ, ಅವ ಎಲ್ಲ್ಯಾದ್ರೂ ಬದುಕಿರಲಿ, ಯಾವಾಕಿ ಜೋಡಿ ಆದ್ರೂ ಇರಲಿ, ನಾ ಹೇಳಿದ್ದು ಸುಳ್ಳಾಗಲಿ ಅಂತ ಬೇಡಕೊಂಡಿದ್ದೆ. ಒಳಗ ಬಾ."

ತಿಳಿವಳಿಕೆ ಬಂದ ಮೇಲೆ ಮಗಳು ಅಜ್ಜಿಯನ್ನು ಮೊದಲ ಸಲ ನೋಡುತ್ತಿದ್ದಳು. "ಅಪ್ಪಗ ಈಸು ಬರ್ತಿದ್ದಿಲ್ಲೇನು?" ಎಂದು ಕೇಳಿದಳು.

ದೇವಕಮ್ಮನಿಗೆ ಗೊತ್ತಿರಲಿಲ್ಲ. ಎರಡು ವರ್ಷ ಸಂಸಾರ ಮಾಡಿದವಳು, ಒಂಬತ್ತು ವರ್ಷ ಬೈದವಳು, ಇದೊಂದನ್ನು ಎಂದೂ ಕೇಳಿರಲಿಲ್ಲ.

"ಬರ್ತಿತ್ತು ಕೂಸ," ಎಂದಳು ಮರಿಲಿಂಗಮ್ಮ. "ಊರ ಬಾವ್ಯಾಗ ಅವನಷ್ಟು ಈಸಾವ ಇನ್ನೊಬ್ಬ ಇದ್ದಿಲ್ಲ. ಬಾವಿಗೆ ಮೆಟ್ಟಲ ಇರ್ತಾವ. ಕೆನಾಲಿಗೆ ಹಿಡಿಯಾಕ ಒಂದು ಕಲ್ಲೂ ಇಲ್ಲ."

ದೇವಕಮ್ಮ ಹೊಸ್ತಿಲು ದಾಟಿ ಬಂದು ಕುಳಿತು, ಮೊರವನ್ನು ತನ್ನ ಕಡೆಗೆ ಎಳೆದುಕೊಂಡು, ತೊಗರಿಯೊಳಗಿನ ಹರಳು ಆರಿಸತೊಡಗಿದಳು.